ಒಂದೇ ಒಂದು ಷರತ್ತು

ಹೆಣ್ಣು ನೋಡಲು ಬಂದವರ ಮುಂದೆ ಕೇಸರಿಬಾತು, ಕಾಫಿ ಇಟ್ಟು ಕೂತ ಹುಡುಗಿಗೆ ಹುಡುಗ ಮೊದಲ ನೋಟಕ್ಕೇ ಹಿಡಿಸಿಬಿಟ್ಟ. ಒಳಗೊಳಗೇ ನಗು ಉಕ್ಕುತ್ತಿತ್ತು. ಅಷ್ಟರಲ್ಲಿ ಅವನ ತಾಯಿ ಪುಟ್ಟತಾಯಮ್ಮ, ನೋಯುವ ಮಂಡಿ ನೀವಿಕೊಳ್ಳುತ್ತ ಗಂಟಲು ಸರಿಮಾಡಿಕೊಂಡರು.

“ನಮ್ದು ಒಂದೇ ಷರತ್ತು ಕಣಮ್ಮ. ಮದ್ವೆ ಆದ್ಮೇಲೆ ಗಾರ್ಮೆಂಟ್ಸ್ ಕೆಲ್ಸ ಬಿಡ್ಬೇಕು. ಸೊಸೆ ದುಡಿಮೇಲಿ ಕೂತು ತಿನ್ನೋ ಮನೆ ಅಲ್ಲ ನಮ್ದು.”

ಎಂಟು ವರ್ಷ ಹೊಲಿಗೆ ಮೆಷಿನ್ನಿನ ಮುಂದೆ ಬೆನ್ನು ಬಗ್ಗಿಸಿ, ಹುಡುಗಿ ಈಗಷ್ಟೇ ಸೂಪರ್‌ವೈಸರ್ ಆಗಿದ್ದಳು. ಕೆಲಸ ಬಿಡುವುದೆಂದರೆ ಜೀವವೇ ಹೋದಂತೆ. ಆದರೂ ತಲೆ ತಗ್ಗಿಸಿ ಮೆಲ್ಲಗೆ ಹೇಳಿದಳು:

“ಆಯ್ತು ಅತ್ತೆ, ಬಿಡ್ತೀನಿ. ಜೊತೆಗೆ ಆಸ್ಪತ್ರೆ ಕಾರ್ಡೂ ಹೋಗುತ್ತೆ. ಹೋಗ್ಲಿ ಬಿಡಿ.”

“ಯಾವ ಕಾರ್ಡು?”

“ಕಂಪನಿಯವ್ರು ಕೊಡೋ ವಿಮೆ ಕಾರ್ಡು. ಹೋದ ವರ್ಷ ನಮ್ಮ ಜೊತೆ ಹೊಲಿಯೋಳೊಬ್ಳು ಅದನ್ನ ತೋರಿಸಿ, ಅವಳ ಅತ್ತೆಗೆ ಎರಡೂ ಮಂಡಿ ಆಪರೇಷನ್ ಮಾಡಿಸಿದ್ಲು. ಈಗ ಆಯಮ್ಮ ಮೊಮ್ಮಕ್ಕಳ ಜೊತೆ ಕುಂಟೆಬಿಲ್ಲೆ ಆಡ್ತಾರೆ.”

ಪುಟ್ಟತಾಯಮ್ಮನ ಕೈ ಮಂಡಿಯ ಮೇಲೆಯೇ ನಿಂತಿತು. ಹುಡುಗ ಕೇಸರಿಬಾತಿನ ತಟ್ಟೆಯತ್ತ ಬಗ್ಗಿ ನಗು ನುಂಗಿಕೊಂಡ.

“ಎಲ್ಲಾ ಅತ್ತೇರ್ಗೂ ಮಾಡ್ತಾರಾ?” ತಾಯಿ ಕೇಳಿದರು.

“ಎಲ್ಲಾರ್ಗೂ ಇಲ್ಲ. ‘ನಾನು ಸೊಸೆಯ ದುಡಿಮೆಯಲ್ಲೇ ಬದುಕ್ತಿರೋಳು’ ಅಂತ ಅತ್ತೆಯೇ ಬರ್ದುಕೊಡ್ಬೇಕು.”

ಪುಟ್ಟತಾಯಮ್ಮ ಕಾಫಿ ಲೋಟ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡರು.

“ರುಜು ಹಾಕ್ಬೇಕಾ, ಹೆಬ್ಬೆಟ್ಟು ಸಾಕಾ?”