ಹೊಳೆ ತೊಳೆದ ಬಾಗಿಲು

ಈಗಲೂ ಒದ್ದೆ ಮರದ ವಾಸನೆ ಬಂದರೆ ಕೃಷ್ಣೆಯ ಪ್ರವಾಹ ಇಳಿದ ಆ ಮಧ್ಯಾಹ್ನ ನೆನಪಾಗುತ್ತದೆ. ಗಂಜಿ ಕೇಂದ್ರದಿಂದ ನಾವು ಊರಿಗೆ ಮರಳಿದಾಗ ಹೊಲದಲ್ಲಿ ಕಬ್ಬು ಕೊಳೆತಿತ್ತು, ಮನೆ ತುಂಬ ಕೆಸರಿತ್ತು. ತಲೆಬಾಗಿಲು ಉಬ್ಬಿ, ಅದರ ಹಸಿರು ಬಣ್ಣ ಸುಲಿದುಹೋಗಿತ್ತು.

"ಬಾಗಿಲಾ ಹಾಳಾತು ಅವ್ವಾ, ಕಿತ್ತ ಒಗೀತೀನಿ" ಎಂದು ಅಪ್ಪ ಹಾರೆ ತಂದ.

ಅಜ್ಜಿ ಬಾಗಿಲ ಮುಂದೆ ಕುಳಿತು ಒದ್ದೆ ಬಟ್ಟೆಯಿಂದ ಕೆಸರು ಒರೆಸಿದಳು. ಬಣ್ಣದಡಿ ಅಡಗಿದ್ದ ತೇಗದ ಗೆರೆಗಳು ಅಲೆಅಲೆಯಾಗಿ ಕಂಡವು. ನನ್ನ ಅಂಗೈಯನ್ನು ಅವುಗಳ ಮೇಲಿಟ್ಟು, "ಇಷ್ಟ ಚಂದ ಐತಂತ ನನಗೂ ಗೊತ್ತಿದ್ದಿಲ್ಲ ಬೇ. ಹೊಳಿನ ತೊಳದ ಕೊಟ್ಟೈತಿ. ನಾವೆಲ್ಲಾ ಉಳದೀವಿ, ಇದೂ ಇರ್ಲಿ" ಎಂದಳು.

ಅಪ್ಪ ಹಾರೆಯನ್ನು ಗೋಡೆಗೆ ಒರಗಿಸಿ, ಹೆಗಲ ಮೇಲಿನ ಟವೆಲ್ ನೀರಿಗದ್ದಿ, ನಮ್ಮ ಪಕ್ಕ ಕುಳಿತು ಒರೆಸತೊಡಗಿದ.