ನಲವತ್ತೊಂದು ಮಣೆ

ಆ ವರ್ಷ ರಾಮಾನ ಬಳಿ ಮಣ್ಣಿರಲಿಲ್ಲ.

ಅಜ್ಜನ ಕಾಲದಿಂದ ಜೇಡಿ ತೆಗೆಯುತ್ತಿದ್ದ ಗದ್ದೆ ಮಾರಾಟವಾಗಿತ್ತು. ಕೊಂಡವನು ಬೇಲಿ ಹಾಕಿದ್ದ. ಆದರೆ ಮಣೆಗಳು ಬರುವುದು ನಿಲ್ಲಲಿಲ್ಲ. ಅಂಕೋಲೆಯ ಸುತ್ತಿನ ಮನೆಯವರು ನಾಗರಪಂಚಮಿಯ ಹೊತ್ತಿಗೆ ತಮ್ಮ ಹಲಸಿನ ಮಣೆಯನ್ನು ತಂದು ಕೊಡುತ್ತಾರೆ. ಕಲಾವಿದ ಅದರ ಮೇಲೆಯೇ ಗಣಪತಿಯನ್ನು ಮಾಡಬೇಕು. ತಲೆಮಾರು ಬದಲಾದರೂ ಮಣೆ ಬದಲಾಗುವುದಿಲ್ಲ.

ನಲವತ್ತು ಮನೆಯವರು ತಂದುಕೊಟ್ಟರು. ರಾಮಾ ಒಬ್ಬರಿಗೂ ಇಲ್ಲ ಎನ್ನಲಿಲ್ಲ. ಘಟ್ಟದ ಮೇಲಿನಿಂದ, ತಾಡಪಾಲು ಹೊದಿಸಿದ ಟೆಂಪೋದಲ್ಲಿ, ಅಚ್ಚಿನಲ್ಲಿ ತೆಗೆದ ಪಿಒಪಿ ಗಣಪತಿಗಳನ್ನು ತರಿಸಿದ. ಅವಕ್ಕೆ ನಿಷೇಧವಿದೆ ಎಂಬುದು ಅವನಿಗೆ ಗೊತ್ತಿತ್ತು. ಹಸಿ ಪ್ಲಾಸ್ಟರ್ ಸುರಿದು ಮಣೆಗೆ ಕಚ್ಚಿಸಿದ, ಮೇಲೆ ಕೆಮ್ಮಣ್ಣಿನ ನೀರು ಬಳಿದ, ಮಷಿನ್ನಿನಿಂದ ಬಣ್ಣ ಹೊಡೆದ. ಹಿಂದಿನ ವರ್ಷ ಯಾರೋ ಕೊಟ್ಟು, ಒಯ್ಯದೆ ಬಿಟ್ಟ ಮೂಲೆ ಮುರಿದ ಮಣೆಯೊಂದು ಶೆಡ್ಡಿನಲ್ಲಿತ್ತು. ಹೆಸರಿನ ಚೀಟಿ ಮಳೆಗೆ ಅಳಿಸಿ ಹೋಗಿತ್ತು. ಮಣೆ ಖಾಲಿ ಉಳಿಯಬಾರದೆಂದು ಅದರ ಮೇಲೂ ಒಂದನ್ನು ಕೂರಿಸಿದ.

ಚೌತಿಗೆ ಹನ್ನೆರಡು ದಿನ ಇರುವಾಗ ಕಾರವಾರದಿಂದ ಬಾಬು ಫೋನು ಮಾಡಿದ. ಅವನೂ ಗಣಪತಿ ಮಾಡುವವನೇ. ಯಾರೋ ಒಬ್ಬ ಶೆಡ್ಡಿನಿಂದ ಶೆಡ್ಡಿಗೆ ತಿರುಗುತ್ತಿದ್ದಾನಂತೆ. ಸೋಮವಾರ ಸದಾಶಿವಗಡ, ಮಂಗಳವಾರ ಬಾಬುವಿನ ಶೆಡ್ಡು. ಮೂರ್ತಿ ಮಾಡುವ ಜಾಗ ನೋಡಬೇಕು ಎನ್ನುತ್ತಾನಂತೆ. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಬ್ಯಾಟರಿ.

"ಗಣಪತಿ ನೋಡೂಕೆ ಬಂದವ ಸೊಂಡ್ಲು ನೋಡ್ತಾನೆ. ಇಂವ ಮಂಡಿ ಊರಿ ಅಡಿ ನೋಡ್ತಾನೆ ಮಾರಾಯಾ," ಎಂದ ಬಾಬು. "ಮಣೆ ಅಂಚಿಗೆ ಬೆರಳಾಡ್ಸ್ತಾನೆ. ಎಂತಕ್ಕೆ ಅಂದ್ರೆ ಬಾಯೇ ಬಿಡೂದಿಲ್ಲ."

ಮಣೆಯ ಅಂಚು. ಮಣ್ಣಿನ ಮೂರ್ತಿ ಮಣೆಯಿಂದಲೇ ಎದ್ದು ಬಂದಿರುತ್ತದೆ. ಅಚ್ಚಿನದನ್ನು ಅಂಟಿಸಿದರೆ ಅಲ್ಲೊಂದು ಬಿಳಿ ಗೆರೆ ಉಳಿಯುತ್ತದೆ. ಕಸುಬು ತಿಳಿದವನು ಮಾತ್ರ ಅಲ್ಲಿ ನೋಡುತ್ತಾನೆ.

ಬುಧವಾರ ಸದಾಶಿವಗಡದ ಶೆಡ್ಡಿನ ಮೇಲೆ ದಾಳಿಯಾಯಿತು. ಮೊಬೈಲಿನಲ್ಲಿ ವಿಡಿಯೋ ಬಂತು: ಮೂರ್ತಿಗಳನ್ನು ಲಾರಿಗೆ ಎಸೆಯುತ್ತಿದ್ದರು, ಕಲಾವಿದ ಪಂಚೆಯ ತುದಿಯಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದ, ಮಣೆ ಕೊಟ್ಟವರು ಗೇಟಿನ ಆಚೆ ಸಾಲಾಗಿ ನೋಡುತ್ತಿದ್ದರು. ರಾಮಾ ಹೆದರಿದ್ದು ಅಧಿಕಾರಿಗಳಿಗಲ್ಲ, ಆ ಸಾಲಿಗೆ. ಒಮ್ಮೆ ಹಾಗೆ ನೋಡಿದ ಮನೆಯವರು ಮತ್ತೆ ಮಣೆ ಕೊಡುವುದಿಲ್ಲ.

ಗುರುವಾರ ಆ ಮನುಷ್ಯ ಅವರ್ಸಾದಲ್ಲಿ ಕಂಡನೆಂದು ಸುದ್ದಿ. ಮುಂದಿನದು ಅಂಕೋಲೆಯೇ.

ರಾಮಾ ಉಳಿ ಹಿಡಿದು ಒಂದು ಮೂರ್ತಿಯನ್ನು ಬಿಡಿಸಲು ನೋಡಿದ. ಮೂರ್ತಿ ಪುಡಿಯಾಯಿತು, ಮಣೆ ಸೀಳಿತು, ಪ್ಲಾಸ್ಟರಿನ ಬಿಳುಪು ಮರದ ಎಳೆಯೊಳಗೆ ಇಳಿದಿತ್ತು. ಎಲ್ಲವನ್ನೂ ಮುಳುಗಿಸಲೆಂದು ಹಳೆಯ ಬಲೆ, ಚಿರೇಕಲ್ಲುಗಳನ್ನು ಹಿತ್ತಿಲ ದಂಡೆಯ ದೋಣಿಗೆ ಹೊರತೊಡಗಿದಾಗ ಹೆಂಡತಿ ಮಂದಾಕಿನಿ ಅಡ್ಡ ನಿಂತಳು.

"ಮೂರ್ತಿ ನಮ್ದು, ಬೇಕಾದ್ರೆ ಮುಳುಗ್ಸಿ. ಮಣೆ ನಮ್ದಲ್ಲ."

"ನೆರೆ ನುಗ್ಗಿ ಒಯ್ತು ಹೇಳಿದ್ರಾಯ್ತು. ಈ ವರ್ಷ ಯಾರ ಮನೆಗೆ ನೀರು ಬರ್ಲಿಲ್ಲ ಹೇಳು?"

ಅವಳು ಬದಿಗೆ ಸರಿದಳು. ಶುಕ್ರವಾರ ಬೆಳಗಿನಿಂದ ಹೊಳೆಯ ಎದುರು ದಂಡೆ ಕಾಣದಂಥ ಮಳೆ. ಹೊಳೆ ಕಡಲು ಸೇರುವ ಕೇಣಿಯ ಅಳಿವೆಯ ಆಳಕ್ಕೆ ನಾಲ್ಕು ಸಲ ದೋಣಿ ಹೋಯಿತು. ಪ್ರತಿ ಸಲವೂ ಗಣಪತಿಗಳು ಬಲೆಯೊಳಗಿಂದ ಅವನನ್ನು ನೋಡುತ್ತಲೇ ಇಳಿದವು. ಸೀಳಿದ ಮಣೆಯನ್ನೂ ಕಲ್ಲು ಕಟ್ಟಿ ಬಿಟ್ಟ.

ಮೂರು ಗಂಟೆಗೆ ಮರಳಿದಾಗ ಆ ಮನುಷ್ಯ ಶೆಡ್ಡಿನ ಬಾಗಿಲಲ್ಲಿದ್ದ. ಮೂವತ್ತರ ವಯಸ್ಸು, ನೆನೆದ ಅಂಗಿ, ಕುತ್ತಿಗೆಯಲ್ಲಿ ಚೀಟಿ.

"ಇಲ್ಲೇ ಮಾಡೂದ?" ಎಂದು ಕೇಳಿದ.

ರಾಮಾ ನೆರೆಯ ಕತೆ ಹೇಳಿದ. ಹೇಳುತ್ತಿರುವಾಗಲೇ ಬ್ಯಾಟರಿಯ ಬೆಳಕು ನೆಲದ ಮೇಲೆ ಬಿತ್ತು. ಮಷಿನ್ನಿನಿಂದ ಹಾರಿದ ಬಂಗಾರದ ಬಣ್ಣ ಸಿಮೆಂಟಿನ ತುಂಬ ಕೂತಿತ್ತು. ಮಣೆಗಳಿದ್ದಲ್ಲಿ ಮಾತ್ರ ಖಾಲಿ ಚೌಕಗಳು, ಸಾಲುಸಾಲಾಗಿ. ಎಲ್ಲ ಒಣಗಿತ್ತು. ಮಣೆ ಒಯ್ದ ನೀರು ಈ ಧೂಳನ್ನು ಬಿಡುತ್ತದೆಯೇ?

ಆ ಮನುಷ್ಯ ಸಾಲುಗಳ ನಡುವೆ ಎಣಿಸುತ್ತ ನಡೆದ. ಕೊನೆಯ ಚೌಕದ ಮುಂದೆ ಮಂಡಿ ಊರಿದ. ಆ ಚೌಕಕ್ಕೆ ಒಂದು ಮೂಲೆಯಿರಲಿಲ್ಲ. ಬಂಗಾರದ ಬಣ್ಣ ಅಲ್ಲಿ ಒಳಗೆ ಸರಿದಿತ್ತು. ಅದರ ಮೇಲೆ ಬೆರಳಿಟ್ಟ.

"ನಲವತ್ತೊಂದು. ಇದೂ ಹೋಯ್ತ?"

ರಾಮಾ ಕೈಮುಗಿದ. "ತಪ್ಪಾಯ್ತು ಸಾಹೇಬ್ರೆ. ಪಿಒಪಿ ಆಗಿತ್ತು. ನಾನೇ ಅಳಿವೇಲಿ ಮುಳುಗ್ಸ್ದೆ, ಎಲ್ಲಾನೂ. ಬರ್ಕೊಳ್ಳಿ."

"ನಾ ಸಾಹೇಬ ಅಲ್ಲ," ಎಂದ ಅವನು, ಬೆರಳು ತೆಗೆಯದೆ. "ಸುಜಯ. ಕದ್ರಾದಲ್ಲಿ ಕರೆಂಟಿನ ಕೆಲ್ಸ. ಹೋದ ವರ್ಷ ಪಂಚಮಿ ಮಾರನೇ ದಿನ ನಮ್ಮನೆ ಮೇಲೆ ಗುಡ್ಡ ಬಿತ್ತು. ನಾ ಪಾಳಿ ಮೇಲಿದ್ದೆ. ಅಪ್ಪ, ಆಯಿ, ಹೆಂಡ್ತಿ. ಮನೇದು ಒಂದು ಚಮಚ ಸೈತ ಸಿಗ್ಲಿಲ್ಲ. ಹಿಂದಿನ ದಿನ ಅಪ್ಪ ಯಾರೋ ಬೇರೆ ಕಲಾವಿದಂಗೆ ನಮ್ಮ ಮೂಲೆ ಮುರಿದ ಮಣೆ ಕೊಟ್ಟು ಬಂದಿದ್ದ. ಯಾರಿಗೆ ಅಂತ ನಾ ಕೇಳಿರ್ಲಿಲ್ಲ."

"ಮೊದ್ಲೇ ಹೇಳ್ಬಹುದಿತ್ತಲ್ಲ ತಮಾ," ಎಂದಳು ಮಂದಾಕಿನಿ ಬಾಗಿಲಿಂದ.

"ಹೇಳಿದ್ರೆ ಕೂರ್ಸಿ ಚಾ ಕೊಡ್ತಾರೆ, ಅಳ್ತಾರೆ. ಮಣೆ ಹುಡುಕೂದಿಲ್ಲ."

ಕೇಣಿಯ ಅಳಿವೆಗೆ ಹೋದ ಮಣೆ ಒಟ್ಟು ನಲವತ್ತೊಂದು. ಅವುಗಳಲ್ಲಿ ನಲವತ್ತಕ್ಕೆ ಮನೆಯಿತ್ತು.