ಎದುರು ಬೆಂಚಿನಲ್ಲಿ ಕೂತ ಟೀಚರ್

ಟೀಚರಾಗುವ ಆಸೆ ಯಾಕೆಂದು ಕೇಳಿದವರ ಮುಂದೆ ತರ್ಕಬದ್ಧ ಕಾರಣಗಳನ್ನೇ ಮಂಡಿಸುತ್ತೇನೆ, ಆದರೆ ಒಣಗುವ ಕಾಫಿ ಹಣ್ಣಿನ ಹುಳಿ ವಾಸನೆ ಬಡಿದಾಗ ನೆನಪಾಗುವುದು ಒಂದು ಮಧ್ಯಾಹ್ನ ಮಾತ್ರ.

ಕಾಫಿ ಹಣ್ಣು ಕೀಳುವ ಪಿಕಿಂಗ್ ಶುರುವಾದರೆ ಅಮ್ಮತ್ತಿ ಹತ್ತಿರದ ನಮ್ಮ ಶಾಲೆ ಖಾಲಿಯಾಗುತ್ತಿತ್ತು. ಕೂಲಿಯವರ ಲೈನ್ ಮನೆಗಳ ಮಕ್ಕಳೆಲ್ಲ ಅಮ್ಮಂದಿರ ಹಿಂದೆ ತೋಟಕ್ಕೆ ಹೋಗುತ್ತಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಗಳಾದ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಅವತ್ತು ತರಗತಿಯಲ್ಲಿ ಚರ್ಚಾಸ್ಪರ್ಧೆ ಇತ್ತು, ಬಂದವಳು ನಾನೊಬ್ಬಳೇ. ನನ್ನ ವಿರುದ್ಧ ಮಾತಾಡಬೇಕಿದ್ದ ಸೆಲ್ವಿಯೂ ತೋಟದಲ್ಲಿದ್ದಳು.

“ಹಾಗಾದ್ರೆ ನಾನೇ ಗೆದ್ದೆ ಅಲ್ವಾ ಟೀಚರ್?” ಎಂದೆ.

“ಯಾರನ್ನ ಸೋಲಿಸ್ದೆ ಮಾರಾಯ್ತಿ, ಬೆಂಚನ್ನಾ?”

ಟೀಚರ್ ಕುರ್ಚಿ ಬಿಟ್ಟು ಬಂದು, ಸೆಲ್ವಿಯ ಗಿಡ್ಡ ಬೆಂಚಿನಲ್ಲಿ ಮೊಣಕಾಲು ಮಡಚಿ ಕಷ್ಟಪಟ್ಟು ಕೂತರು. ಪಟ್ಟಣಕ್ಕಿಂತ ಹಳ್ಳಿಯೇ ಮೇಲು ಎಂದು ನಾನು ಶುರು ಮಾಡಿದೆ.

“ಮೇಲಾ? ಜ್ವರ ಬಂದ್ರೆ ಆಸ್ಪತ್ರೆ ಎಲ್ಲುಂಟು, ಹೇಳು! ಬಸ್ಸೆಲ್ಲುಂಟು?”

ಒಂದಿಷ್ಟೂ ಕರುಣೆ ತೋರಿಸಲಿಲ್ಲ. ನಾನು ಕಿರುಚಾಡಿದೆ, ನಕ್ಕೆ, ಕೊನೆಗೆ ಸೋತೆ.

ನಾಲ್ಕು ಗಂಟೆಗೆ ಅವರೇ ಎದ್ದು ಹೋಗಿ, ಶಾಲೆ ತುಂಬ ಮಕ್ಕಳಿದ್ದಾರೆ ಎಂಬಂತೆ ಜೋರಾಗಿ ಗಂಟೆ ಬಾರಿಸಿದರು. ಆಮೇಲೆ ಬಾಗಿಲಿಗೆ ಬೀಗ ಹಾಕುತ್ತ, ನನ್ನ ಕಡೆ ನೋಡದೆ ಕೇಳಿದರು.

“ನಾಳೆ ನೀನಾದ್ರೂ ಬರ್ತೀಯಲ್ವಾ?”

ಅಷ್ಟು ಹೊತ್ತು ನನ್ನನ್ನು ಸೋಲಿಸಿದ ದನಿ ಅದಾಗಿರಲಿಲ್ಲ. ಬರ್ತೇನೆ ಎಂದೆ, ವಾದ ಮಾಡದೆ.